ಆಡು ಮುಟ್ಟದ ಸೊಪ್ಪು, ಹುಳಕ್ಕೆ ಹಬ್ಬದೂಟ

ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ. ಆದರೆ ಅಂಗಳದಲ್ಲಿ ಪೂಜೆಗೆಂದು ಬೆಳೆಸುವ ಕಣಗಿಲೆಯನ್ನು ಆಡೂ ಮೂಸಿ ನೋಡಿ ಬಿಡುತ್ತದೆ. ಎಲೆಯಿಂದ ಬೇರಿನವರೆಗೆ ಅದು ವಿಷ.

ಹೀಗಿದ್ದೂ ಮಳೆಗಾಲದಲ್ಲಿ ಒಮ್ಮೊಮ್ಮೆ ಕಣಗಿಲೆಯ ಚಿಗುರು ಬೋಳಾಗಿರುತ್ತದೆ. ಬುಡದಲ್ಲಿ ಕಾಳುಮೆಣಸಿನಂಥ ಹಿಕ್ಕೆ ಬಿದ್ದಿದ್ದರೆ, ಅದರ ನೇರಕ್ಕೆ ಮೇಲೆ ಹುಡುಕಿ. ಎಲೆಯ ಬಣ್ಣದ್ದೇ ಒಂದು ಬೆರಳುದ್ದದ ಹುಳ, ಬಾಲದ ಮೇಲೊಂದು ಪುಟ್ಟ ಕೊಂಬು. ಕಡ್ಡಿಯಿಂದ ಕೆಣಕಿದರೆ ತಲೆ ಒಳಗೆಳೆದುಕೊಂಡು ಕತ್ತು ಉಬ್ಬಿಸುತ್ತದೆ. ಎರಡು ನೀಲಿ ಕಣ್ಣು ನಿಮ್ಮನ್ನೇ ದಿಟ್ಟಿಸುತ್ತವೆ. ಅವು ಕಣ್ಣಲ್ಲ, ಹಕ್ಕಿಯನ್ನು ಬೆದರಿಸುವ ಮಚ್ಚೆ.

ಇದು ಕಣಗಿಲೆ ಹಾಕ್‌ಮಾತ್ ಎಂಬ ಪತಂಗದ ಮರಿ. ಆಫ್ರಿಕಾದಿಂದ ದಕ್ಷಿಣ ಏಷ್ಯಾದವರೆಗೆ ಇದರ ಬೀಡು. ಬೇಸಿಗೆಯಲ್ಲಿ ಯುರೋಪಿಗೂ ವಲಸೆ ಹೋಗುತ್ತದೆ. ನಂದಿಬಟ್ಟಲಿನ ಎಲೆಯೂ ಇದಕ್ಕೆ ಇಷ್ಟ.

ವಿಷ ಇದಕ್ಕೇಕೆ ತಟ್ಟುವುದಿಲ್ಲ? ಜೀವಕೋಶಗಳಲ್ಲಿ ಸೋಡಿಯಂ ಹೊರದೂಡಿ ಪೊಟ್ಯಾಸಿಯಂ ಒಳಗೆಳೆಯುವ ಪಂಪ್ ಇರುತ್ತದೆ. ಕಣಗಿಲೆಯ ಒಲಿಯಾಂಡ್ರಿನ್ ಎಂಬ ವಿಷ ಈ ಪಂಪನ್ನೇ ಕಟ್ಟಿಹಾಕುತ್ತದೆ. ನಮ್ಮ ಎದೆಬಡಿತ ತಪ್ಪುವುದು ಇದರಿಂದಲೇ. ಇಂಥದೇ ವಿಷದ ಗಿಡ ತಿನ್ನುವ ಅಮೆರಿಕದ ಮೊನಾರ್ಕ್ ಚಿಟ್ಟೆಯಲ್ಲಿ ಪಂಪಿನ ರಚನೆಯೇ ಬದಲಾಗಿದೆ, ವಿಷಕ್ಕೆ ಹಿಡಿತ ಸಿಗುವುದಿಲ್ಲ. ಹಾಕ್‌ಮಾತ್‌ದೂ ಹಾಗೇ ಇದ್ದೀತೆಂದು ನೋಡಿದರೆ, 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದರ ಪಂಪ್ ವಿಷಕ್ಕೆ ಸುಲಭದ ತುತ್ತೆಂದು ತಿಳಿಯಿತು. ಗುಟ್ಟಿನ ಒಂದು ಎಳೆ 2013ರಲ್ಲಿ ಸಿಕ್ಕಿತು: ನರಗಳ ಸುತ್ತಲಿನ ತೆಳು ಪೊರೆ ಕಾವಲು ಕಾಯುತ್ತದೆ. ಕೆಲವು ವಿಷ ಅದನ್ನು ದಾಟಲಾರವು. ನುಸುಳಬಲ್ಲವನ್ನು ಪೊರೆ ಹೊರಗೆ ತಳ್ಳುತ್ತದೆ. ಕಣಗಿಲೆಯ ಗೊಡವೆಯೇ ಇಲ್ಲದ, ಅಮೆರಿಕದ ತಂಬಾಕು ಹಾಕ್‌ಮಾತ್‌ನಲ್ಲೂ ಇದೇ ಕಾವಲು ಕಂಡಿತು. ಅಂದರೆ ಇದು ಆ ಮನೆತನದ ಹಳೆಯ ಆಸ್ತಿಯೇ ಇರಬಹುದು.

ಮಕ್ಕಳಿಗೆ ತೋರಿಸಬೇಕೆಂದರೆ ಹುಳವನ್ನು ಎಲೆಸಮೇತ ಅಗಲ ಡಬ್ಬಿಗೆ ಹಾಕಿ, ಸೊಳ್ಳೆಪರದೆ ಕಟ್ಟಿ. ದಿನಾ ಹೊಸ ಎಲೆ ಕೊಡಿ. ಎಲೆ ಮುಟ್ಟಿದ ಕೈ ಕಣ್ಣು, ಬಾಯಿಗೆ ಹೋಗಕೂಡದು. ಸೋಪು ಹಚ್ಚಿ ತೊಳೆಯಿರಿ. ಹುಳ ತಿನ್ನುವುದು ಬಿಟ್ಟು ಮೈ ಕಂದಿದರೆ ಕೋಶ ಕಟ್ಟುವ ಹೊತ್ತು ಬಂತು. ತಳಕ್ಕೆ ಒಣ ಎಲೆ ಹಾಸಿ. ಸುಮಾರು ಎರಡು ವಾರಕ್ಕೆ ಹಸಿರು-ಗುಲಾಬಿ ಬಣ್ಣದ, ಅಂಗೈಯಗಲದ ಪತಂಗ ಹೊರಬರುತ್ತದೆ. ದೀಪ ಹಚ್ಚುವ ಹೊತ್ತಿಗೆ ಪರದೆ ಬಿಚ್ಚಿ. ಮೊದಲು ರೆಕ್ಕೆ ನಡುಗಿಸಿ ಮೈ ಬಿಸಿ ಮಾಡಿಕೊಳ್ಳುತ್ತದೆ, ಆಮೇಲೆ ಹಾರುತ್ತದೆ.