ಐದು ಮೃಗಗಳೂ ಐದು ನಡೆಗಳೂ: ಚೀನದ ‘ವೂಶಿಂಗ್’ ಶಬ್ದಕ್ಕೆ ಕನ್ನಡದ ಪ್ರತಿಪದವಿಚಾರ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳು ಕನ್ನಡ ಮರಾಠಿಗಳೆರಡೂ ಕೂಡಿ ಬಾಳುವ ಸೀಮೆ. ಒಂದೇ ಸಂಸ್ಕೃತ ಶಬ್ದವು ಎರಡು ಭಾಷೆಗಳಲ್ಲಿ ಎರಡು ಅರ್ಥಗಳನ್ನು ತಾಳುವುದು ಅಲ್ಲಿಯವರಿಗೆ ನಿತ್ಯಾನುಭವದ ಸಂಗತಿ. ‘ಅನುಮಾನ’ವೆಂದರೆ ಕನ್ನಡಿಗನಿಗೆ ಸಂಶಯ, ಮರಾಠಿಗನಿಗಾದರೋ, ನ್ಯಾಯಶಾಸ್ತ್ರದಲ್ಲಿರುವಂತೆ, ಹೇತುವಿನಿಂದ ಹುಟ್ಟುವ ನಿರ್ಣಯ. ಶಬ್ದವು ಒಂದೆಂಬ ಮಾತ್ರಕ್ಕೆ ಅರ್ಥವೂ ಒಂದೆಂದು ನಂಬಿದವನು ಸಂತೆಯಲ್ಲಿಯೂ ಮೋಸಹೋಗುವನು, ಶಾಸ್ತ್ರದಲ್ಲಿಯೂ ಮೋಸಹೋಗುವನು. ಸಂಖ್ಯೆಯ ವಿಷಯದಲ್ಲಿಯೂ ಇದೇ ಎಚ್ಚರವು ಬೇಕು. ಚೀನದೇಶದವರ ಮೃಗಾನುಕರಣ ವ್ಯಾಯಾಮವನ್ನೂ ಅದಕ್ಕೆ ಆಧಾರವೆಂದು ಹೇಳಲಾಗುವ ‘ವೂಶಿಂಗ್’ ಎಂಬ ಐದರ ತತ್ತ್ವವನ್ನೂ ಕನ್ನಡದಲ್ಲಿ ವಿವರಿಸುವವರಿಗೆ ‘ಪಂಚಭೂತ’ವೆಂಬ ಪದವು ಕೈಗೆ ಎಟಕುವಂತೆಯೇ ಇರುತ್ತದೆ. ಅದು ಸಾಧುವಾದ ಪ್ರತಿಪದವೇ ಎಂಬುದು ಪ್ರಕೃತ ವಿಚಾರ.

ಮೊದಲು ಚೀನದ ಸಂಗತಿ. ಇಂದು ‘ಚೀಗೊಂಗ್’ ಎಂದು ಕರೆಯಲ್ಪಡುವ ಪ್ರಾಣಸಾಧನೆಗೆ ಆ ಹೆಸರು ವ್ಯಾಪಕವಾಗಿ ರೂಢಿಯಾದುದು 20ನೆಯ ಶತಮಾನದ ಮಧ್ಯಭಾಗದಲ್ಲಿ. ಪ್ರಾಚೀನರು ಅದನ್ನು ‘ದಾವೊಯಿನ್’, ಎಂದರೆ ನಡೆಸುವುದು ಮತ್ತು ಸೆಳೆಯುವುದು, ಎಂದು ಕರೆಯುತ್ತಿದ್ದರು. ಕರಡಿಯಂತೆ ತೂಗುವವರನ್ನೂ ಹಕ್ಕಿಯಂತೆ ಮೈ ಚಾಚುವವರನ್ನೂ ‘ಚ್ವಾಂಗ್‌ತ್ಸು’ ಗ್ರಂಥವು ಹೆಸರಿಸುತ್ತದೆ. ಚಾಂಗ್‌ಷಾ ನಗರದ ಬಳಿಯ ಮಾವಾಂಗ್‌ದ್ವೆಯಲ್ಲಿ ಕ್ರಿ. ಪೂ. 168ರಲ್ಲಿ ಮುಚ್ಚಲ್ಪಟ್ಟ ಒಂದು ಸಮಾಧಿಯಿಂದ 1973ರಲ್ಲಿ ಹೊರಬಂದ ರೇಷ್ಮೆಯ ಪಟದಲ್ಲಿ ಇಂತಹ ಭಂಗಿಗಳ 44 ಚಿತ್ರಗಳಿವೆ. ಹಾನ್ ವಂಶದ ಕೊನೆಗಾಲದ ವೈದ್ಯನಾದ ಹ್ವಾ ತ್ವೋ ಎಂಬವನು ಹುಲಿ, ಜಿಂಕೆ, ಕರಡಿ, ಕಪಿ, ಪಕ್ಷಿ ಎಂಬ ಐದನ್ನು ಆರಿಸಿ ‘ವೂಚಿನ್‌ಶೀ’, ಅರ್ಥಾತ್ ಪಂಚಮೃಗಕ್ರೀಡೆಯನ್ನು, ತನ್ನ ಶಿಷ್ಯನಾದ ವೂ ಪೂ ಎಂಬವನಿಗೆ ಉಪದೇಶಿಸಿದನೆಂದು ಆ ವಂಶದ ಚರಿತ್ರೆಯು ಹೇಳುತ್ತದೆ. ಸದಾ ತಿರುಗುವ ಬಾಗಿಲಿನ ತಿರುಗುಣಿಯು ಕೊಳೆಯದೆಂಬುದು ಅವನು ಕೊಟ್ಟ ದೃಷ್ಟಾಂತ. ಶಿಷ್ಯನು ತೊಂಬತ್ತನ್ನು ದಾಟಿದ ಮೇಲೂ ಕಣ್ಣು ಕಿವಿ ಹಲ್ಲುಗಳು ಕೆಡದೆ ಇದ್ದನೆಂದು ಅದೇ ಚರಿತ್ರೆಯಲ್ಲಿದೆ.

ಈ ಕ್ರೀಡೆಯ ವಿಧಾನವು ತಾವೊ ಹೊಂಗ್‌ಚಿಂಗ್ (456–536) ಎಂಬ ಪಂಡಿತನ ಹೆಸರಿನಲ್ಲಿರುವ ಗ್ರಂಥದಲ್ಲಿ ವಿವರವಾಗಿ ದೊರೆಯುತ್ತದೆ. ಹುಲಿಯ ಕ್ರಮದಲ್ಲಿ ನಾಲ್ಕು ಕಾಲೂರಿ ಮುಂದಕ್ಕೂ ಹಿಂದಕ್ಕೂ ನೆಗೆಯಬೇಕು. ಜಿಂಕೆಯ ಕ್ರಮದಲ್ಲಿ ಕೊರಳನ್ನು ಚಾಚಿ ಹಿಂದಿರುಗಿ ನೋಡಬೇಕು. ಕರಡಿಯದರಲ್ಲಿ ಅಂಗಾತನಾಗಿ ಮೊಳಕಾಲುಗಳನ್ನು ಅಪ್ಪಿ ಹೊರಳಬೇಕು. ಕಪಿಯದರಲ್ಲಿ ತೊಲೆಯನ್ನು ಹಿಡಿದು ಜೋಲಬೇಕು. ಪಕ್ಷಿಯದರಲ್ಲಿ ಒಂದು ಕಾಲೆತ್ತಿ ತೋಳುಗಳನ್ನು ರೆಕ್ಕೆಯಂತೆ ಹರಡಬೇಕು. ಇಲ್ಲಿ ಗಮನಿಸತಕ್ಕುದೇನೆಂದರೆ, ಹ್ವಾ ತ್ವೋನ ಉಪದೇಶವನ್ನು ಹೇಳುವ ಚರಿತ್ರೆಯಲ್ಲಿ ಮೃಗಗಳಿಗೂ ಐದು ತತ್ತ್ವಗಳಿಗೂ ಸಂಬಂಧವನ್ನು ಕಲ್ಪಿಸಿಲ್ಲ. ಅಲ್ಲಿ ಹೇಳಿರುವ ಪ್ರಯೋಜನವು ಅನ್ನ ಜೀರ್ಣವಾಗುವುದು, ರಕ್ತ ಸಂಚರಿಸುವುದು, ಬೆವರು ಹೊರಡುವುದು, ಮೈ ಹಗುರಾಗುವುದು, ಇಷ್ಟೇ. ಹುಲಿಯು ಯಕೃತ್ತಿಗೆ, ಜಿಂಕೆಯು ವೃಕ್ಕಕ್ಕೆ, ಕರಡಿಯು ಪ್ಲೀಹಕ್ಕೆ, ಕಪಿಯು ಹೃದಯಕ್ಕೆ, ಪಕ್ಷಿಯು ಶ್ವಾಸಕೋಶಕ್ಕೆ ಎಂಬ ಹಂಚಿಕೆಯು ಅನಂತರದ್ದು. ಅದರಲ್ಲಿಯೂ ಏಕಮತವಿಲ್ಲ. ಇನ್ನೊಂದು ಪರಂಪರೆಯವರು ಹುಲಿಯನ್ನು ಲೋಹಕ್ಕೂ ಶ್ವಾಸಕೋಶಕ್ಕೂ, ಜಿಂಕೆಯನ್ನು ಕಾಷ್ಠಕ್ಕೂ ಯಕೃತ್ತಿಗೂ ಸೇರಿಸುತ್ತಾರೆ. ಮೃಗಗಳು ಮೊದಲು ಬಂದವು, ತತ್ತ್ವವು ಬಳಿಕ ಅವುಗಳ ಮೇಲೆ ಹೊದಿಸಲ್ಪಟ್ಟಿತು ಎಂಬುದು ಇದರಿಂದ ತಿಳಿಯುತ್ತದೆ.

ಆ ತತ್ತ್ವದ ಸ್ವರೂಪವೇನು? ಕಾಷ್ಠ, ಅಗ್ನಿ, ಮೃತ್ತಿಕೆ, ಲೋಹ, ಜಲ ಎಂಬಿವು ಐದು. ಕಾಷ್ಠವು ಅಗ್ನಿಯನ್ನು ಹುಟ್ಟಿಸುತ್ತದೆ. ಅಗ್ನಿಯ ಬೂದಿಯು ಮಣ್ಣಾಗುತ್ತದೆ. ಮಣ್ಣು ಲೋಹವನ್ನು ಹೆರುತ್ತದೆ. ಲೋಹದಿಂದ ಜಲವು, ಜಲದಿಂದ ಮತ್ತೆ ಕಾಷ್ಠವು. ಇದು ಜನನಚಕ್ರ. ಕಾಷ್ಠವು ಮಣ್ಣನ್ನು ಭೇದಿಸುವುದು, ಮಣ್ಣು ಜಲವನ್ನು ಕಟ್ಟುವುದು, ಜಲವು ಅಗ್ನಿಯನ್ನು ನಂದಿಸುವುದು, ಅಗ್ನಿಯು ಲೋಹವನ್ನು ಕರಗಿಸುವುದು, ಲೋಹವು ಕಾಷ್ಠವನ್ನು ಕಡಿಯುವುದು, ಇದು ನಿಗ್ರಹಚಕ್ರ. ನಮ್ಮ ಭೂತಗಳಾದರೋ ತೈತ್ತಿರೀಯೋಪನಿಷತ್ತಿನ ಕ್ರಮದಲ್ಲಿ ಆಕಾಶ, ವಾಯು, ಅಗ್ನಿ, ಜಲ, ಪೃಥಿವಿ ಎಂದು ಸೂಕ್ಷ್ಮದಿಂದ ಸ್ಥೂಲಕ್ಕೆ ಇಳಿಯುತ್ತವೆ. ಪ್ರಳಯದಲ್ಲಿ ಅದೇ ಮೆಟ್ಟಿಲುಗಳನ್ನು ಹಿಮ್ಮುಖವಾಗಿ ಏರುತ್ತವೆ. ಪೃಥಿವಿಯು ಆಕಾಶವನ್ನು ಹುಟ್ಟಿಸುವುದೆಂಬ ಮಾತು ನಮ್ಮಲ್ಲಿಲ್ಲ. ಅವರದು ಚಕ್ರ, ನಮ್ಮದು ಸೋಪಾನ. ಅವರ ಐದರಲ್ಲಿ ವಾಯ್ವಾಕಾಶಗಳಿಲ್ಲ. ನಮ್ಮ ಐದರಲ್ಲಿ ಕಾಷ್ಠಲೋಹಗಳಿಲ್ಲ. ಭೂತವೆಂಬುದು ವಸ್ತುವಿನ ಉಪಾದಾನ. ಶಿಂಗ್ ಎಂಬುದು ಋತುಗಳಂತೆ ಒಂದರ ಹಿಂದೊಂದು ಬರುವ ವ್ಯಾಪಾರ.

ಇನ್ನು ನಮ್ಮಲ್ಲಿ ಮೃಗಾನುಕರಣವಿಲ್ಲವೇ ಎಂದರೆ, ಧಾರಾಳವಾಗಿದೆ. ಸ್ವಾತ್ಮಾರಾಮನ ಹಠಪ್ರದೀಪಿಕೆಯಲ್ಲಿ ಕೂರ್ಮ, ಕುಕ್ಕುಟ, ಮಯೂರ, ಸಿಂಹಾಸನಗಳಿವೆ. ಘೇರಂಡಸಂಹಿತೆಯ 32 ಆಸನಗಳಲ್ಲಿ ಮತ್ಸ್ಯ, ಮಂಡೂಕ, ಶಲಭ, ಮಕರ, ಉಷ್ಟ್ರ, ಭುಜಂಗಗಳೂ ಸೇರಿವೆ. ಜೀವಜಾತಿಗಳೆಷ್ಟೋ ಆಸನಗಳೂ ಅಷ್ಟು, ಎಂದರೆ 84 ಲಕ್ಷ, ಎಂಬುದು ಆ ಗ್ರಂಥದ ಮತ. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಶ್ರಯದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳು ಚಿತ್ರಿತವಾಗಿವೆ. ಅದಕ್ಕೆ ಹತ್ತಿರದ ಹಠಾಭ್ಯಾಸಪದ್ಧತಿಯೆಂಬ ಗ್ರಂಥದಲ್ಲಿ ಗಜಾಸನವನ್ನು ಸ್ಥಿರವಾಗಿ ನಿಲ್ಲುವ ಭಂಗಿಯಾಗಿ ಹೇಳದೆ, ಕೈಗಳ ನಡುವೆ ಮೂಗನ್ನು ನೆಲದ ಬಳಿಗೆ ಮತ್ತೆ ಮತ್ತೆ ತರುವ ಚಲನೆಯಾಗಿ ಹೇಳಿದೆ. ಇದನ್ನು ಓದಿದವನಿಗೆ ಗರಡಿಯ ದಂಡವು ನೆನಪಾಗದೆ ಇರದು.

ಮೇಲ್ಕಂಡ ಐದು ತಾಲೂಕುಗಳಲ್ಲಿ ಗರಡಿಯನ್ನು ತಾಲೀಮು ಎಂದೂ ಕರೆಯುತ್ತಾರೆ. ನೆರೆಯ ಕೊಲ್ಲಾಪುರದ ಶಾಹು ಮಹಾರಾಜರು (1874–1922) ಮಲ್ಲವಿದ್ಯೆಗೆ ಕೊಟ್ಟ ಆಶ್ರಯದ ಪ್ರಭಾವವು ಈ ಸೀಮೆಯ ಮೇಲೂ ಬಿದ್ದಿತು. ತಾಲೀಮಿನಲ್ಲಿ ಹನುಮಂತನಿಗೆ ಕೈಮುಗಿದು ಮಣ್ಣಿಗೆ ಇಳಿಯುವ ಜಟ್ಟಿಗೆ ಹನುಮಾನದಂಡ, ವೃಶ್ಚಿಕದಂಡಗಳ ಹೆಸರು ಹೊಸದಲ್ಲ. ಆದರೆ ಯಾವ ದಂಡವು ಯಾವ ಭೂತಕ್ಕೆ ಸೇರಿದುದೆಂದು ಅವನನ್ನು ಕೇಳಿದರೆ ಆ ಪ್ರಶ್ನೆಗೆ ಅಲ್ಲಿ ಸ್ಥಾನವೇ ಇಲ್ಲ. ತೊಡೆ, ತೋಳು, ಉಸಿರು, ಹಸಿವು, ಇವೇ ಅಲ್ಲಿಯ ಪ್ರಮಾಣಗಳು. ಹಠಶಾಸ್ತ್ರದಲ್ಲಿಯೂ ಹಾಗೆಯೇ. ಮಯೂರಾಸನವು ಗುಲ್ಮೋದರಾದಿ ರೋಗಗಳನ್ನು ಕಳೆದು ಜಠರಾಗ್ನಿಯನ್ನು ಉರಿಸುವುದೆಂದೂ, ಭುಜಂಗಾಸನದಿಂದ ದೇಹಾಗ್ನಿಯು ಹೆಚ್ಚುವುದೆಂದೂ ಹೇಳಿದೆಯೇ ಹೊರತು ನವಿಲನ್ನು ಒಂದು ಭೂತಕ್ಕೆ, ಹಾವನ್ನು ಇನ್ನೊಂದಕ್ಕೆ ಹಂಚಿಲ್ಲ.

ಹಾಗಾದರೆ ದೇಹದಲ್ಲಿ ಭೂತಗಳ ಹಂಚಿಕೆಯು ನಮ್ಮಲ್ಲಿಲ್ಲವೇ? ಉಂಟು, ಆದರೆ ಅದರ ಸ್ಥಳವೇ ಬೇರೆ. ಪಾದದಿಂದ ಜಾನುವಿನ ವರೆಗೆ ಪೃಥಿವಿ, ಅಲ್ಲಿಂದ ಗುದದ ವರೆಗೆ ಜಲ, ಹೃದಯದ ವರೆಗೆ ಅಗ್ನಿ, ಭ್ರೂಮಧ್ಯದ ವರೆಗೆ ವಾಯು, ಮೂರ್ಧದ ವರೆಗೆ ಆಕಾಶ ಎಂದು ಯೋಗತತ್ತ್ವೋಪನಿಷತ್ತು ವಿಭಾಗಿಸುತ್ತದೆ; ಅದು ಧಾರಣೆಯ ಪ್ರಕರಣ, ಆಸನದ್ದಲ್ಲ. 1577ರಲ್ಲಿ ಪೂರ್ಣಾನಂದನು ರಚಿಸಿದ ಷಟ್ಚಕ್ರನಿರೂಪಣದಲ್ಲಿ ಭೂತಗಳೊಡನೆ ಮೃಗಗಳೂ ಬರುತ್ತವೆ: ಪೃಥಿವೀಬೀಜಕ್ಕೆ ಆನೆ, ಜಲಕ್ಕೆ ಮಕರ, ಅಗ್ನಿಗೆ ಟಗರು, ವಾಯುವಿಗೆ ಕೃಷ್ಣಮೃಗ, ಆಕಾಶಕ್ಕೆ ಬಿಳಿಯಾನೆ. ಚೀನದ ಹಂಚಿಕೆಗೆ ನಮ್ಮಲ್ಲಿ ಅತ್ಯಂತ ಸಮೀಪವಾದುದು ಇದೇ. ಆದರೂ ಇಲ್ಲಿಯ ಮೃಗಗಳು ವಾಹನಗಳು. ಅವನ್ನು ಧ್ಯಾನಿಸಬೇಕು, ಅನುಕರಿಸಬೇಕಾದುದಿಲ್ಲ. ವೀರಶೈವರ ಷಟ್‌ಸ್ಥಲದಲ್ಲಿ ಭಕ್ತನಿಗೆ ಪೃಥಿವಿ, ಮಾಹೇಶ್ವರನಿಗೆ ಜಲ, ಪ್ರಸಾದಿಗೆ ಅಗ್ನಿ, ಪ್ರಾಣಲಿಂಗಿಗೆ ವಾಯು, ಶರಣನಿಗೆ ಆಕಾಶ, ಐಕ್ಯನಿಗೆ ಆತ್ಮ ಎಂದು ಭೂತಗಳು ಸಾಧಕನ ಮೆಟ್ಟಿಲುಗಳೇ ಆಗಿ ನಿಲ್ಲುತ್ತವೆ. ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳ (1836–1921) ನಾಡಿನವರಿಗೆ ಈ ಪರಂಪರೆಯು ಅಪರಿಚಿತವಲ್ಲ. ಹೀಗೆ ಒಂದೇ ಊರಿನಲ್ಲಿ ತಾಲೀಮೂ ಮಠವೂ ಇದ್ದು, ಮೃಗವು ತಾಲೀಮಿನಲ್ಲಿಯೂ ಭೂತವು ಮಠದಲ್ಲಿಯೂ ಉಳಿದವು. ಚೀನದಲ್ಲಿ ಅನಂತರದವರು ಎರಡನ್ನೂ ಒಂದೇ ವ್ಯಾಯಾಮದಲ್ಲಿ ಕೂಡಿಸಿದರು.

ಇಲ್ಲಿ ಪೂರ್ವಪಕ್ಷವೊಂದು ಏಳಬಹುದು. ಭೇದವೆಷ್ಟೇ ಇರಲಿ, ಎರಡೂ ಐದೇ, ಅಗ್ನಿ ಜಲ ಮೃತ್ತಿಕೆಗಳು ಉಭಯರಲ್ಲಿಯೂ ಸಮಾನವೇ. ರೂಢಿಯ ಪದವೊಂದಿರಲು ಹೊಸದೇಕೆ ಎಂದು. ಇದಕ್ಕೆ ಉತ್ತರವನ್ನು ಚೀನದ ಭಾಷಾಂತರಕಾರರೇ ಕೊಟ್ಟಿದ್ದಾರೆ. ಸಾಂಖ್ಯಕಾರಿಕೆಯನ್ನು ಚೀನಭಾಷೆಗೆ ತಂದ ಪರಮಾರ್ಥನು (499–569) ಮಹಾಭೂತಗಳನ್ನು ‘ವೂದಾ’, ಎಂದರೆ ಐದು ಮಹತ್ತುಗಳು, ಎಂದನು. ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡು ಹೋದ ಹ್ಯುಯೆನ್ ತ್ಸಾಂಗನು ಅಭಿಧರ್ಮಕೋಶವನ್ನು ಭಾಷಾಂತರಿಸುವಾಗ ‘ದಾಚೋಂಗ್’ ಎಂದು ಬರೆದನು. ‘ಶಿಂಗ್’ ಎಂಬ ಶಬ್ದವನ್ನು ಭಾಷಾಂತರಕಾರರು ಸಂಸ್ಕಾರ, ಚರ್ಯೆ ಎಂಬ ಪದಗಳಿಗೆ ಬಳಸಿದರು. ಕೈಯಳತೆಯಲ್ಲಿ ‘ವೂಶಿಂಗ್’ ಇದ್ದರೂ ಅದನ್ನು ಭೂತಗಳಿಗೆ ಹಚ್ಚಲಿಲ್ಲ. ಉಭಯಭಾಷಾವಿಶಾರದರು ಬೇರ್ಪಡಿಸಿದುದನ್ನು ಇಂದು ಕೂಡಿಸುವುದು ಯುಕ್ತವಲ್ಲ.

ಹಾಗಿದ್ದರೆ ಪ್ರತಿಪದವಾವುದು? ‘ಶಿಂಗ್’ ಎಂಬುದರ ಮೂಲಾರ್ಥವು ನಡೆಯುವುದು. ಅದರಿಂದ ಆಚರಣೆಯೆಂಬ ಅರ್ಥವೂ ಬಂದಿದೆ. ‘ಪಂಚಗತಿ’ ಎನ್ನೋಣವೆಂದರೆ ಬೌದ್ಧರಲ್ಲಿ ಅದು ಪುನರ್ಜನ್ಮದ ಐದು ಲೋಕಗಳಿಗೆ ಸಲ್ಲುವ ಪಾರಿಭಾಷಿಕ. ‘ಪಂಚಾಚಾರ’ವು ವೀರಶೈವರಲ್ಲಿ ನಿಂತ ಪದ. ಸಂಸ್ಕೃತವು ತನ್ನ ಸಮೃದ್ಧಿಯಿಂದಲೇ ಇಲ್ಲಿ ತೊಡಕಾಗುತ್ತದೆ. ಕನ್ನಡದ ‘ನಡೆ’ ಎಂಬ ಚಿಕ್ಕ ಮಾತಾದರೋ ಕಾಲಿನ ನಡಿಗೆಯನ್ನೂ ಬಾಳಿನ ನಡವಳಿಕೆಯನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ‘ಶಿಂಗ್’ ಶಬ್ದದ ಎರಡು ಅರ್ಥಗಳೂ ಅದರಲ್ಲಿ ಅಡಗಿವೆ. ಐನೂರು, ಐಮಡಿಗಳಂತೆ ‘ಐನಡೆ’ ಎಂದರೆ ಸಮಾಸಕ್ಕೂ ಬಾಧಕವಿಲ್ಲ. ಹುಲಿಯ ನೆಗೆತ, ಜಿಂಕೆಯ ನೋಟ, ಕರಡಿಯ ಹೊರಳು, ಕಪಿಯ ಜೋಲಾಟ, ಹಕ್ಕಿಯ ನಿಲುವುಗಳಿಗೆ ಒಪ್ಪುವುದೂ ಈ ಮಾತೇ.

ಆದುದರಿಂದ ವೂಶಿಂಗ್ ಎಂಬುದನ್ನು ‘ಐನಡೆ’ಯೆಂದೂ, ಮಹಾಭೂತಗಳನ್ನು ಮಾತ್ರ ‘ಪಂಚಭೂತ’ವೆಂದೂ ಬರೆಯುವುದು ಲೇಸು. ಇದು ಕೇವಲ ಶಬ್ದದ ಹಟವಲ್ಲ. ಚೀನದವರ ಐದನ್ನು ಪಂಚಭೂತವೆಂದು ಪಾಠ ಹೇಳಿದರೆ ವಿದ್ಯಾರ್ಥಿಯು ಕಾಷ್ಠಲೋಹಗಳನ್ನು ಕಂಡು ಅವರು ಎಣಿಕೆಯಲ್ಲಿ ತಪ್ಪಿದರೆಂದು ಭಾವಿಸುವನು. ಇಲ್ಲವೇ ತಾಲೀಮಿನ ದಂಡಕ್ಕೂ ಷಟ್‌ಸ್ಥಲದ ಭೂತಕ್ಕೂ ಇಲ್ಲದ ನಂಟನ್ನು ಕಟ್ಟುವನು. ಎರಡರಿಂದಲೂ ಒಂದು ಶಾಸ್ತ್ರಕ್ಕೆ ಅನ್ಯಾಯವಾಗುವುದು. ಎರಡು ಮಾತುಗಳ ಗಡಿಯಲ್ಲಿ ಬಾಳುವವರಿಗೆ ಈ ವಿವೇಕವನ್ನು ಹೊಸದಾಗಿ ಕಲಿಸಬೇಕಾದುದಿಲ್ಲ. ‘ಅನುಮಾನ’ದ ವಿಷಯದಲ್ಲಿ ದಿನವೂ ಪಾಲಿಸುವ ಎಚ್ಚರವನ್ನೇ ಐದರ ಎಣಿಕೆಗೂ ಅನ್ವಯಿಸಿದರೆ ಸಾಕು.