ಕೃಷ್ಣರಾಜನಗರ ರೈಲು ನಿಲ್ದಾಣ: ಇತಿಹಾಸ, ರಚನೆ ಹಾಗೂ ಸಾರ್ವಜನಿಕರಿಗೆ ಮಾಹಿತಿ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಪಟ್ಟಣಗಳ ಪೈಕಿ ರೈಲು ಸಂಪರ್ಕವಿರುವುದು ಕೃಷ್ಣರಾಜನಗರಕ್ಕೆ ಮಾತ್ರ. ಬೆಳಗೊಳದಿಂದ ಹುಣಸೂರು, ಪಿರಿಯಾಪಟ್ಟಣಗಳ ಮೂಲಕ ಕುಶಾಲನಗರಕ್ಕೆ ಸುಮಾರು 87 ಕಿ.ಮೀ. ಮಾರ್ಗದ ಪ್ರಸ್ತಾವನೆ ಇದ್ದರೂ ಹಳಿ ಇನ್ನೂ ಬಂದಿಲ್ಲ. ಆದುದರಿಂದ ಈ ಭಾಗದ ಪ್ರಯಾಣಿಕರು ಮೈಸೂರನ್ನು ಅಥವಾ ಕೃಷ್ಣರಾಜನಗರವನ್ನು ಅವಲಂಬಿಸಬೇಕಾಗಿದೆ.

ಈ ನಿಲ್ದಾಣವು ಮೈಸೂರು–ಹಾಸನ–ಅರಸೀಕೆರೆ ಮಾರ್ಗದಲ್ಲಿದೆ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಅವಧಿಯಲ್ಲಿ (1912–1918) ಮೈಸೂರು ಸಂಸ್ಥಾನವು ಕೈಗೊಂಡ ಈ ಮೀಟರ್ ಗೇಜ್ ಮಾರ್ಗವು 1917–18ರ ವೇಳೆಗೆ ಸಂಚಾರಕ್ಕೆ ತೆರೆಯಿತು. ಉದ್ದ ಸುಮಾರು 166 ಕಿ.ಮೀ. ಬೆಂಗಳೂರು–ಪುಣೆ ಮಾರ್ಗವನ್ನು ಅರಸೀಕೆರೆಯಲ್ಲಿ ಕೂಡುವುದರಿಂದ, ಮೈಸೂರಿನವರು ಉತ್ತರ ಕರ್ನಾಟಕಕ್ಕೆ ತೆರಳಲು ಬೆಂಗಳೂರನ್ನು ಸುತ್ತುವ ಅಗತ್ಯ ತಪ್ಪಿತು. ಆಗ ತಾಲ್ಲೂಕಿನ ಹೆಸರು ಎಡತೊರೆ. ಕಾವೇರಿಯ ದಂಡೆಯಲ್ಲಿದ್ದ ಆ ಹಳೆಯ ಊರು ಪ್ರವಾಹಕ್ಕೆ ತುತ್ತಾಗುತ್ತಿದ್ದುದರಿಂದ ನದಿಯಿಂದ ಆಚೆಗೆ ಹೊಸ ಪಟ್ಟಣವನ್ನು ನಿರ್ಮಿಸಿ, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನು ಇಡಲಾಯಿತು.

ಸಂಸ್ಥಾನದ ರೈಲ್ವೆಯು 1951ರಲ್ಲಿ ದಕ್ಷಿಣ ರೈಲ್ವೆಯಲ್ಲಿ ವಿಲೀನಗೊಂಡಿತು. 1990ರ ದಶಕದಲ್ಲಿ ಮೈಸೂರು–ಹಾಸನ ನಡುವೆ 1,000 ಮಿ.ಮೀ. ಅಗಲದ ಹಳಿಯ ಸ್ಥಾನದಲ್ಲಿ 1,676 ಮಿ.ಮೀ. ಬ್ರಾಡ್ ಗೇಜ್ ಬಂದಿತು. 2003ರಿಂದ ನಿಲ್ದಾಣವು ನೈರುತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಸೇರಿದೆ.

ಇದು ಏಕಹಳಿ ಮಾರ್ಗ. ಎದುರುಬದುರಾಗಿ ಬರುವ ಎರಡು ಗಾಡಿಗಳು ದಾಟಬೇಕಾದರೆ ನಿಲ್ದಾಣದಲ್ಲಿ ಮುಖ್ಯ ಹಳಿಯ ಪಕ್ಕದಲ್ಲಿ ಲೂಪ್ ಹಳಿ ಇರಬೇಕು; ಒಂದು ಗಾಡಿ ಅದರಲ್ಲಿ ಕಾಯುತ್ತದೆ. "ಸಿಗ್ನಲ್ ಸಿಕ್ಕಿಲ್ಲ" ಎಂದು ಪ್ರಯಾಣಿಕರು ಬೇಸರಪಡುವ ವಿಳಂಬಕ್ಕೆ ಹಲವು ಬಾರಿ ಇದೇ ಕಾರಣ. ಹೀಗೆ ಹಳಿ ಬದಲಾಗಬಹುದಾದ್ದರಿಂದ ಪ್ರಕಟಣೆ ಕೇಳಿದ ನಂತರವೇ ಪ್ಲಾಟ್‌ಫಾರಂಗೆ ತೆರಳುವುದು. ಹಳಿ ದಾಟುವುದು ಅಪಾಯಕರ ಹಾಗೂ ದಂಡಾರ್ಹ.

ಟಿಕೆಟ್ ಪಡೆಯುವವರು ಹೆಸರನ್ನು ಎಚ್ಚರಿಕೆಯಿಂದ ನೋಡತಕ್ಕದ್ದು. ಕೃಷ್ಣರಾಜಸಾಗರ ನಿಲ್ದಾಣವು ಇದೇ ಮಾರ್ಗದಲ್ಲಿದೆ, ಕೃಷ್ಣರಾಜಪುರವು ಬೆಂಗಳೂರಿನಲ್ಲಿದೆ. ಮೂರನ್ನೂ ಜನರು "ಕೆ.ಆರ್." ಎಂದು ಆರಂಭಿಸುವುದರಿಂದ ಗೊಂದಲವಾಗುವುದು ಸಹಜ.

ರೈಲ್ವೆಯು ಕೇಂದ್ರ ಸರ್ಕಾರದ ಅಧೀನದಲ್ಲಿದ್ದು, ಗಾಡಿಗಳ ನಿಲುಗಡೆ, ಮುಂಗಡ ಕಾಯ್ದಿರಿಸುವಿಕೆ ಹಾಗೂ ಹಣ ಮರುಪಾವತಿ ಕುರಿತ ಅರ್ಜಿಗಳನ್ನು ತಾಲ್ಲೂಕು ಕಚೇರಿಯಲ್ಲಿ ಇತ್ಯರ್ಥಪಡಿಸಲು ಅವಕಾಶವಿರುವುದಿಲ್ಲ. ವಿಚಾರಣೆ ಮತ್ತು ದೂರುಗಳಿಗೆ ರೈಲ್ವೆ ಸಹಾಯವಾಣಿ 139ನ್ನು ಸಂಪರ್ಕಿಸಬಹುದು. ಆದರೆ ಹಳಿಯ ಪಕ್ಕದ ಜಮೀನಿನ ಮಾಲೀಕರು ಗಮನಿಸಬೇಕಾದ ಅಂಶವೊಂದಿದೆ: ರೈಲ್ವೆ ಸರಹದ್ದಿನಿಂದ 30 ಮೀಟರ್ ಒಳಗೆ ಕಟ್ಟಡ ಕಟ್ಟಲು ರೈಲ್ವೆಯ ನಿರಾಕ್ಷೇಪಣಾ ಪತ್ರ ಬೇಕಾಗುತ್ತದೆ. ಪಾಯ ತೆಗೆದ ಮೇಲೆ ಓಡಾಡುವ ಬದಲು, ಕಟ್ಟಡ ಪರವಾನಗಿಗೆ ಅರ್ಜಿ ಸಲ್ಲಿಸುವ ಮೊದಲೇ ಮೈಸೂರು ವಿಭಾಗೀಯ ರೈಲ್ವೆ ಕಚೇರಿಯಿಂದ ಇದನ್ನು ಪಡೆದುಕೊಳ್ಳಲು ಕೋರಲಾಗಿದೆ.