ಹುಡುಕದೆ ಸಿಗುವ ನಿಘಂಟು

ಕಿಟ್ಟೆಲ್ ಅವರ ನಿಘಂಟಿನಲ್ಲಿ ಒಂದು ಪದ ನೋಡಬೇಕೆಂದರೆ ಪುಟ ಮಗುಚಬೇಕು. ಅಕಾರಾದಿ ಕ್ರಮ ಬಾಯಿಪಾಠವಿದ್ದರೂ ನಾಲ್ಕಾರು ಪುಟ ಹಿಂದೆ ಮುಂದೆ ಸರಿದಾಡಿದ ಮೇಲೆಯೇ ಪದ ಕಣ್ಣಿಗೆ ಬೀಳುವುದು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲೂ ‘ಡಿಕ್ಷನರಿ’ ಇದೆ. ಆದರೆ ಅದು ಪುಟ ಮಗುಚುವುದಿಲ್ಲ. ಲೆಕ್ಕ ಹಾಕಿ ನೇರ ಜಾಗಕ್ಕೇ ಹೋಗುತ್ತದೆ.

ಅದನ್ನು ಕಟ್ಟುವುದು ಸುಲಭ. ಪುಷ್ಪಾವರಣದೊಳಗೆ ಮೊದಲು ಕೀ (ಹುಡುಕಲು ಕೊಡುವ ಗುರುತು; ಇಲ್ಲಿ ಪಿನ್‌ಕೋಡ್), ಎರಡು ಚುಕ್ಕಿ, ಆಮೇಲೆ ಅದರ ಮೌಲ್ಯ (ಇಲ್ಲಿ ಊರಿನ ಹೆಸರು):

ಊರು = {560001: "ಬೆಂಗಳೂರು", 570001: "ಮೈಸೂರು", 580001: "ಧಾರವಾಡ", 590001: "ಬೆಳಗಾವಿ"}

ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಬಹುದು. ಈ ಸಾಲು ಹೀಗೆಯೇ ಓಡುತ್ತದೆ. ಊರು[570001] ಎಂದು ಕೇಳಿದರೆ ಮೈಸೂರು ಬರುತ್ತದೆ.

ಒಳಗೆ ಏನಾಗುತ್ತದೆ? ಚಿಕ್ಕ ಡಿಕ್ಷನರಿಗೆ 0ಯಿಂದ 7ರವರೆಗೆ ಎಂಟು ಗೂಡುಗಳು. ಪ್ರತಿ ಕೀಯಿಂದಲೂ ‘ಹ್ಯಾಶ್’ ಎಂಬ ಒಂದು ಸಂಖ್ಯೆ ಹುಟ್ಟುತ್ತದೆ. ಪಿನ್‌ಕೋಡ್‌ನಂಥ ಪೂರ್ಣಾಂಕಕ್ಕೆ ಆ ಸಂಖ್ಯೆಯೇ ಹ್ಯಾಶ್. ಅದನ್ನು 8ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಗೂಡಿನ ನಂಬರು. ಬೆಂಗಳೂರಿಗೆ ಶೇಷ 1. ಮೈಸೂರಿಗೂ 1! ಧಾರವಾಡ, ಬೆಳಗಾವಿಗೂ 1. ಈ ಪಿನ್‌ಕೋಡ್‌ಗಳ ನಡುವಿನ ಅಂತರವಾದ ಹತ್ತು ಸಾವಿರ 8ರಿಂದ ನಿಶ್ಶೇಷವಾಗಿ ಭಾಗವಾಗುವುದರಿಂದ ನಮ್ಮ ನಾಲ್ಕೂ ಊರುಗಳು ಒಂದೇ ಬಾಗಿಲಿಗೆ ಬಂದು ನಿಲ್ಲುತ್ತವೆ.

ಇಂಥ ಡಿಕ್ಕಿಗೂ ಪೈಥಾನ್ ಸಿದ್ಧವಾಗಿದೆ. ಗೂಡು ತುಂಬಿದ್ದರೆ ಹ್ಯಾಶ್‌ನ ಉಳಿದ ಭಾಗವನ್ನೂ ಸೇರಿಸಿ ಇನ್ನೊಂದು ಗೂಡಿನ ಲೆಕ್ಕ ಹಾಕುತ್ತದೆ. ಆ ಸೂತ್ರ ಹಿಡಿದು ಕಾಗದದ ಮೇಲೆ ಮಾಡಿ ನೋಡಿದೆ: ಬೆಂಗಳೂರು 1ರಲ್ಲಿ ಕೂರುತ್ತದೆ, ಮೈಸೂರು 2ಕ್ಕೆ, ಧಾರವಾಡ 3ಕ್ಕೆ ಸರಿಯುತ್ತವೆ. ಬೆಳಗಾವಿ 1ಕ್ಕೆ ಹೋಗಿ, 3ಕ್ಕೆ ಹೋಗಿ, ಕೊನೆಗೆ 0ಯಲ್ಲಿ ನೆಲೆಯಾಗುತ್ತದೆ. ಓದುವಾಗಲೂ ಇದೇ ದಾರಿ. ಸಿಕ್ಕ ಕೀ ನಾವು ಕೇಳಿದ್ದೇ ಹೌದೇ ಎಂದು ತಾಳೆ ನೋಡಿಯೇ ಉತ್ತರ ಕೊಡುತ್ತದೆ.

ಎಂಟು ಗೂಡಿದ್ದರೂ ಐದಕ್ಕಿಂತ ಹೆಚ್ಚು ತುಂಬಲು ಪೈಥಾನ್ ಬಿಡುವುದಿಲ್ಲ. ಆರನೆಯದು ಬಂದರೆ 16 ಗೂಡುಗಳ ಹೊಸ ಕಪಾಟು ಮಾಡಿ ಎಲ್ಲವನ್ನೂ ಮತ್ತೆ ಹಂಚುತ್ತದೆ. ಜಾಗ ದಂಡವಾಯಿತೆಂದು ಅನ್ನಿಸಬಹುದು. ನನ್ನ ಮಟ್ಟಿಗೆ ಇಡೀ ಯಂತ್ರದ ಜಾಣತನ ಇರುವುದೇ ಈ ಖಾಲಿ ಜಾಗದಲ್ಲಿ: ಖಾಲಿ ಗೂಡು ಇದ್ದಷ್ಟೂ ಡಿಕ್ಕಿ ಕಡಿಮೆ.

ಗೂಡು ಗೊತ್ತಾಗುವುದು ಕೀಯ ಹ್ಯಾಶ್‌ನಿಂದಲೇ. ಪಟ್ಟಿಯನ್ನು, ಅಂದರೆ ಲಿಸ್ಟನ್ನು, ಕೀ ಮಾಡಲು ಹೋದರೆ ಪೈಥಾನ್ ಒಪ್ಪದಿರುವುದೂ ಇದಕ್ಕೇ. ಪಟ್ಟಿ ಆಮೇಲೆ ಬದಲಾಗಬಹುದು. ಆಗ ಹ್ಯಾಶೂ ಬದಲಾಗಿ, ಒಂದು ಗೂಡಿನಲ್ಲಿ ಇಟ್ಟು ಮತ್ತೊಂದರಲ್ಲಿ ತಡಕಾಡುವ ಸ್ಥಿತಿ ಬಂದೀತು.

ಹ್ಯಾಶ್‌ನಿಂದ ಗೂಡು ಹುಡುಕುವ ಈ ಉಪಾಯ ಹಳೆಯದು. 1953ರಲ್ಲೇ ಐಬಿಎಂನ ಹ್ಯಾನ್ಸ್ ಪೀಟರ್ ಲೂನ್ ಇದನ್ನು ಬರೆದಿಟ್ಟಿದ್ದರು. 2018ರ ಪೈಥಾನ್ 3.7ರಿಂದ, ನಾವು ಸೇರಿಸಿದ ಕ್ರಮದಲ್ಲೇ ನಮೂದುಗಳು ಹೊರಬರುವುದೂ ಖಾತ್ರಿಯಾಯಿತು.

ಒಂದು ಲಕ್ಷ ನಮೂದುಗಳ ಪಟ್ಟಿಯಲ್ಲಿ ಕೊನೆಯದನ್ನು ಹುಡುಕಲು ಲಕ್ಷ ಸಲ ಹೋಲಿಸಬೇಕು. ಡಿಕ್ಷನರಿಗೆ ಸಾಮಾನ್ಯವಾಗಿ ಒಂದೆರಡು ಸಲ ಸಾಕು. ಒಂದೇ ಪಟ್ಟಿಯನ್ನು ಪದೇ ಪದೇ ಮೊದಲಿನಿಂದ ಓದುವ ಪ್ರೋಗ್ರಾಮ್ ನಿಮ್ಮಲ್ಲಿದ್ದರೆ, ಇವತ್ತೇ ಅದನ್ನು ಡಿಕ್ಷನರಿಗೆ ಬದಲಿಸಿ ನೋಡಿ.